ಮಗ್ಗುಲಂಗಡಿಯ ಹಡಗು

ಬೆಳಿಗ್ಗೆ ಶಟರ್ ಎತ್ತಲು ಬಂದ ಮಲ್ಲಣ್ಣನಿಗೆ ತನ್ನ ಅಂಗಡಿಯ ಬೋರ್ಡು ಕಾಣಲಿಲ್ಲ. ಬೋರ್ಡು ಇದ್ದ ಜಾಗದಲ್ಲಿ ಸಮುದ್ರವಿತ್ತು.

ನೀಲಿ ಸಮುದ್ರ, ಅದರ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಬಿಳಿ ಹಡಗು, ಹಡಗಿನ ಮೇಲೆ ಹಡಗಿಗಿಂತ ದೊಡ್ಡದಾದ ವಿಶ್ವರಾಧ್ಯನ ಮುಖ. ಪಕ್ಕದಲ್ಲಿ ಆತನ ಹೆಂಡತಿ ಸೌಭಾಗ್ಯ, ತೆಂಗಿನ ಮರಕ್ಕೆ ತಲೆ ತಾಗುವಷ್ಟು ಎತ್ತರಕ್ಕೆ ನಗುತ್ತಿದ್ದಳು. ಮೇಲೆ ಕೆಂಪಕ್ಷರ: ‘ಲಕ್ಷದ್ವೀಪದ ಐಷಾರಾಮಿ ಹಡಗು ಪ್ರವಾಸಕ್ಕೆ ಹೊರಟ ವಿಶ್ವರಾಧ್ಯ ದಂಪತಿಗೆ ಹಾರ್ದಿಕ ಶುಭಾಶಯಗಳು.’

ಬ್ಯಾನರ್ ಕಟ್ಟಿದ್ದು ಮಗ್ಗುಲಲ್ಲಿದ್ದ ವಿಶ್ವರಾಧ್ಯನ ಅಂಗಡಿಗೇ. ಆದರೆ ಮಾಡಿಸಿದವರು ಅಳತೆ ತಪ್ಪಿದ್ದರು. ಅರ್ಧ ಸಮುದ್ರ ಇತ್ತ ಹರಿದು ಬಂದು ಮಲ್ಲಣ್ಣನ ಬೋರ್ಡನ್ನು ಮುಳುಗಿಸಿತ್ತು.

ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಇಬ್ಬರದೂ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧದ ಅಂಗಡಿ. ಒಂದೇ ಕಂಪನಿಯ ಔಷಧ ಇಬ್ಬರೂ ಮಾರುತ್ತಿದ್ದರು. ಈ ಹಂಗಾಮಿನಲ್ಲಿ ಯಾರು ಹೆಚ್ಚು ಮಾರುತ್ತಾರೋ ಅವರಿಗೆ ಜೋಡಿ ಟಿಕೆಟ್, ಕೊಚ್ಚಿಯಿಂದ ಹಡಗು, ದ್ವೀಪದಿಂದ ದ್ವೀಪಕ್ಕೆ ತಿರುಗಾಟ ಎಂದು ಕಂಪನಿ ಸಾರಿತ್ತು. ಕಡೆಯ ದಿನ ಮಧ್ಯಾಹ್ನದವರೆಗೂ ಮಲ್ಲಣ್ಣನೇ ಮುಂದಿದ್ದ. ಊಟ ಮಾಡಿ ಶಟರ್ ಅರ್ಧ ಎಳೆದು ಗೊಬ್ಬರದ ಚೀಲಗಳ ಮೇಲೆ ಒರಗಿದ್ದಾಗ ದೋರನಹಳ್ಳಿಯ ರೈತರು ಟಂಟಂ ಆಟೋ ತುಂಬ ಬಂದು ಶಟರ್ ಬಡಿದರು. “ಸಂಜಿಗಿ ಬರ್ರಿ” ಎಂದು ಮಲ್ಲಣ್ಣ ಒಳಗಿನಿಂದಲೇ ಹೇಳಿ ಮಗ್ಗುಲಾದ. ಅವರು ಮಗ್ಗುಲಂಗಡಿಗೆ ಹೋದರು. ಆ ಒಂದು ನಿದ್ದೆಯಲ್ಲಿ ಹಡಗು ಆಚೆ ಮನೆಗೆ ಹೋಗಿಬಿಟ್ಟಿತ್ತು.

ಶಟರ್ ಎತ್ತುವಷ್ಟರಲ್ಲಿ ಹೆಂಡತಿ ಚಂದಮ್ಮನ ಫೋನು. “ಬ್ಯಾನರ್ ನೋಡಿದ್ರೇನ್ರಿ? ಸೌಭಾಗ್ಯಕ್ಕನ ಫೋಟೋ ಭಾಳ ಚಂದ ಬಂದದಂತಲ್ಲ!”

“ನಿನಗೇನು ಕಮ್ಮಿ ಮಾಡೀನಿ? ಪ್ರತಿ ವರ್ಷಾ ನಿನ್ನ ತವರು ರಾಮಸಮುದ್ರಕ್ಕ ಕರಕೊಂಡು ಹೋಗಂಗಿಲ್ಲೇನು?”

“ಹೌದ್ರಿ, ಅಲ್ಲಿ ಸಮುದ್ರ ಬಸ್ಸಿನ ಬೋರ್ಡಿನ್ಯಾಗಷ್ಟ ಅದ” ಎಂದು ಆಕೆ ಫೋನ್ ಇಟ್ಟಳು.

ಮೊದಲ ಗಿರಾಕಿ ಬಂದವನು ಬಾಗಿಲ ಮೇಲಿನ ಸಮುದ್ರವನ್ನಷ್ಟೇ ನೋಡಿ ಮಲ್ಲಣ್ಣನ ಕೈ ಹಿಡಿದು ಕುಲುಕಿದ. “ಶರಣ್ರಿ ಸಾವ್ಕಾರ್ರ, ಹಡಗಕ್ಕ ಹೊಂಟೀರಂತ! ನಮ್ಮ ತಾಲೂಕಿನ ಹೆಸರ ಮ್ಯಾಲ ತಂದ್ರಿ!”

“ಹೊಂಟವ್ರು ಅವರು. ಆಚಿ ದುಕಾನ.”

“ಓ, ಹೌದೇನು?” ಎಂದು ಆ ಗಿರಾಕಿ ಕೈಯನ್ನು ಕಿತ್ತುಕೊಂಡು, ಔಷಧ ಕೇಳುವುದನ್ನೂ ಮರೆತು ಆಚೆಗೆ ನಡೆದ. ಎರಡನೆಯವನೂ ಹಾಗೆಯೇ ಮಾಡಿದ. ಮೂರನೆಯವಳು ಒಬ್ಬ ಅಜ್ಜಿ; ಹೂವಿನ ಹಾರ ತಂದು ಮಲ್ಲಣ್ಣನ ಕೊರಳಿಗೇ ಹಾಕಿದಳು. ಗೊತ್ತಾದ ಮೇಲೆ ಮುಲಾಜಿಲ್ಲದೆ ಬಿಚ್ಚಿಕೊಂಡು ಹೋದಳು. ಮಲ್ಲಣ್ಣನ ಹೊಟ್ಟೆಯಲ್ಲಿ ಖಾರದ ಮೆಣಸಿನಕಾಯಿ ಕುಟ್ಟಿದಂತಾಯಿತು. ಆ ಉರಿಗೆ ಅವನು ಖಾಜಾಹುಸೇನನ ಚಹಾ ಅಂಗಡಿಗೆ ಹೋಗಿ ಮಿರ್ಚಿ ಭಜಿ ತಿಂದ. ಸಿಟ್ಟು ಬಂದಾಗ ಮಿರ್ಚಿ ತಿನ್ನುವುದು ಅವನ ಚಟ. ಅಂದು ತಟ್ಟೆ ಎರಡು ಸಲ ತುಂಬಿತು.

“ಹಡಗಿನ್ಯಾಗ ಈಜಾಕ ಕೊಳ ಇರ್ತದಂತ ಮಲ್ಲಣ್ಣ ಭಾಯ್” ಎಂದು ಖಾಜಾಹುಸೇನ ಎಣ್ಣೆ ಬಾಣಲೆಯ ಆಚೆಯಿಂದ ಕನಸು ಕಂಡ. “ಸಮುದ್ರದ ಮ್ಯಾಲ ಹಡಗು, ಹಡಗದ ಮ್ಯಾಲ ಮತ್ತ ನೀರು. ಕ್ಯಾ ಬಾತ್ ಹೈ!”

“ಆ ವಿಶ್ವರಾಧ್ಯಣ್ಣ ಕೊಳಕ್ಕ ಇಳಿತಾನೇನು? ಕೃಷ್ಣಾ ಸೇತುವಿ ಮ್ಯಾಲ ಬಸ್ಸು ಹೋದ್ರ ಕಣ್ಣ ಮುಚ್ಚಿ ಕುಂದರ್ತಾನ!”

ಹಾಗೆಂದ ಮಲ್ಲಣ್ಣನ ಬಾಯಲ್ಲಿ ಮಿರ್ಚಿ ಅರ್ಧಕ್ಕೇ ನಿಂತಿತು. ಅರೆ, ಹೌದಲ್ಲ! ವಿಶ್ವರಾಧ್ಯನಿಗೆ ನೀರೆಂದರೆ ಜೀವಭಯ. ಆತ ಒಲ್ಲೆ ಎಂದುಬಿಟ್ಟರೆ? ಪಟ್ಟಿಯಲ್ಲಿ ಮುಂದಿನವರು ಯಾರು? ಕಂಪನಿಯ ನಸೀರುದ್ದೀನ ಹೆಸರು ಕಳಿಸಲು ಸಂಜೆಗೆ ಬರುವವನಿದ್ದ. ಸಂಜೆಯವರೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮಲ್ಲಣ್ಣ ಕೈಯೊರೆಸಿಕೊಂಡು ಮಗ್ಗುಲಂಗಡಿಗೆ ನುಗ್ಗಿದ. ಸತ್ತವರ ಮನೆಗೆ ಮಾತಾಡಿಸಲು ಹೋದವನ ಮುಖ ಮಾಡಿಕೊಂಡಿದ್ದ. ವಿಶ್ವರಾಧ್ಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ. ಸೌಭಾಗ್ಯ ಬಂದವರಿಗೆ ಸಕ್ಕರೆ ಹಂಚುತ್ತಿದ್ದಳು.

“ಅಣ್ಣಾರ, ಸಂತೋಷ ಆಯ್ತು. ಆದ್ರ ನನಗ ರಾತ್ರಿಯಿಂದ ನಿಮ್ಮದ ಫಿಕರ್ ಹತ್ತೇದ್ರಿ.”

“ಯಾಕೋ ಮಲ್ಲಣ್ಣ?”

“ಹಡಗು ಅಲ್ಲಾಡ್ತದಂತ್ರಿ. ಒಮ್ಮೆ ಶುರು ಆತಂದ್ರ ಹೊಟ್ಟ್ಯಾಗಿಂದು ಹೊರಗ, ಹೊರಗಿಂದು ಒಳಗ. ಇಳೀತೀನಿ ಅಂದ್ರ ಸ್ಟಾಪ್ ಇಲ್ಲ, ಸೀಟಿ ಹೊಡಿಯಾಕ ಕಂಡಕ್ಟರ್ ಇಲ್ಲ.” ಮಲ್ಲಣ್ಣ ಮೊಬೈಲಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನ ವಿಡಿಯೋ ತೆಗೆದು ಆತನ ಮೂಗಿನ ಕೆಳಗೆ ಹಿಡಿದ. ವಿಶ್ವರಾಧ್ಯನ ಮುಖ ರೋಗ ಬಿದ್ದ ಹತ್ತಿ ಎಲೆಯಂತೆ ಮುದುರಿತು.

“ಊಟಕ್ಕ ರೊಟ್ಟಿ ಸಿಗಂಗಿಲ್ರಿ. ಮೂರೂ ಹೊತ್ತು ಮೀನಿನ ವಾಸನಿ.”

“ಖಡಕ್ ರೊಟ್ಟಿ ಗಂಟ ಕಟ್ಕೊಂಡ ಹೋಗ್ತೀವ್ರಿ, ಶೇಂಗಾ ಚಟ್ನಿನೂ” ಎಂದಳು ಸೌಭಾಗ್ಯ.

“ಎಲ್ಲಾರೂ ತುಂಡ ಚಡ್ಡಿ ಹಾಕ್ಕೋಬೇಕಂತ್ರಿ ಅಕ್ಕಾರ.”

“ಹಾಕ್ಕೊಳ್ಳಲಿ ಬಿಡ್ರಿ. ಅಲ್ಲಿ ಇವರನ್ನ ಯಾರ ಗುರ್ತ ಹಿಡಿತಾರ?”

ಈ ಹೆಂಗಸಿನ ಮೇಲೆ ಯಾವ ಔಷಧವೂ ನಾಟುವಂತಿರಲಿಲ್ಲ. ಮಲ್ಲಣ್ಣ ದಾರಿ ಬದಲಿಸಿದ. “ಹಂಗಾದ್ರ ಒಂದ ಕೆಲಸ ಮಾಡ್ರಿ ಅಣ್ಣಾರ. ಹೊಸ ಔಷಧ ಬಂದ್ರ ಹೊಲಕ್ಕೆಲ್ಲಾ ಹೊಡಿಯೂಕಿಂತ ಮೊದಲ ಒಂದ ಸಾಲಿಗೆ ಹೊಡದ ನೋಡ್ತೀವಲ್ಲ? ಹಂಗ ಸಮುದ್ರಕ್ಕ ಹೋಗೂಕಿಂತ ಮೊದಲ ಕೆರ್ಯಾಗ ಒಂದ ಸುತ್ತ ಹಾಕಿ ನೋಡೋಣು.”

ವಿಶ್ವರಾಧ್ಯ ಬೇಡ ಎನ್ನುವ ಮೊದಲೇ ಸೌಭಾಗ್ಯ, “ಛಲೋ ಮಾತು ಹೇಳಿದ್ರಿ! ಹೋಗಿ ಬರ್ರಿ, ಅಂಜಿಕಿ ಹೋಗ್ತದ” ಎಂದು ಗಂಡನ ಚಪ್ಪಲಿಯನ್ನು ತಾನೇ ಮುಂದಿಟ್ಟಳು.

ಕೆರೆಯ ದಂಡೆಯಲ್ಲಿ ಮೀನು ಹಿಡಿಯುವ ಕರೆಮ್ಮ ತನ್ನ ಹರಗೋಲನ್ನು ಆಗಷ್ಟೇ ದಡಕ್ಕೆ ತಂದಿದ್ದಳು. ದುಂಡಗಿನ ಬುಟ್ಟಿಯಂಥ ಅದರ ತಳದಲ್ಲಿ ಇನ್ನೂ ಮೀನಿನ ಪೊರೆ ಮಿನುಗುತ್ತಿತ್ತು. ಮಲ್ಲಣ್ಣ ಆಕೆಯನ್ನು ಬದಿಗೆ ಕರೆದು ಪಿಸುಗುಟ್ಟಿದ: “ನಡು ಕೆರಿಗೆ ಹೋದ ಮ್ಯಾಲ ಗಿರಗಿರ ತಿರುಗಿಸವ್ವಾ. ಬುಗುರಿ ತಿರುಗಿದಂಗ ತಿರುಗಬೇಕು.”

“ತಿರುಗಿಸ್ತೀನ್ರೀ, ಅದರಾಗೇನದ?”

ಆದರೆ ವಿಶ್ವರಾಧ್ಯ ದಂಡೆಯ ಕಲ್ಲು ಹಿಡಿದು ನಿಂತ. “ನೀ ಹತ್ತಿದ್ರ ನಾ ಹತ್ತತೀನಿ. ಇಲ್ಲಂದ್ರ ಇಲ್ಲ.”

ಮಲ್ಲಣ್ಣ ಈ ಲೆಕ್ಕ ಹಾಕಿರಲಿಲ್ಲ. ತಾನೂ ಹುಟ್ಟಿದಾಗಿನಿಂದ ನೀರಿನ ಮೇಲೆ ಹೋದವನಲ್ಲ. ಆದರೂ ಹಡಗು ಕಣ್ಣ ಮುಂದೆ ತೇಲಿತು, ಹತ್ತಿದ.

ನಡು ಕೆರೆಯಲ್ಲಿ ಕರೆಮ್ಮ ಮಾತು ಉಳಿಸಿಕೊಂಡಳು. ಹರಗೋಲು ಬೀಸುವ ಕಲ್ಲಿನಂತೆ ತಿರುಗಿತು. ದಂಡೆ, ಗುಡ್ಡ, ಮತ್ತೆ ದಂಡೆ, ಮತ್ತೆ ಗುಡ್ಡ. ವಿಶ್ವರಾಧ್ಯ ತಳದಲ್ಲಿ ಕುಕ್ಕರಗಾಲಲ್ಲಿ ಕೂತು ಕಣ್ಣು ಬಿಗಿಯಾಗಿ ಮುಚ್ಚಿ “ಶಿವಶಿವಾ” ಎನ್ನತೊಡಗಿದ. ಆತನನ್ನು ನೋಡಿ ಖುಷಿಪಡಬೇಕೆಂದು ಮಲ್ಲಣ್ಣ ಕಣ್ಣು ತೆರೆದುಕೊಂಡೇ ಕೂತ. ಅದೇ ಅವನಿಗೆ ಮುಳುವಾಯಿತು. ಒಳಗಿದ್ದ ಮಿರ್ಚಿಗಳೆಲ್ಲ ಒಟ್ಟಿಗೆ ಎದ್ದು ಬಾಗಿಲು ಬಡಿದವು.

“ನಿಲ್ಲಸವ್ವಾ! ನಿಲ್ಲಸ!” ಎನ್ನುತ್ತ ಅವನು ಎದ್ದು ನಿಂತ.

“ಏಳಬ್ಯಾಡ್ರೀ!” ಎಂದು ಕರೆಮ್ಮ ಕೂಗುವಷ್ಟರಲ್ಲಿ ಮಲ್ಲಣ್ಣ ಅಂಚಿನ ಮೇಲೆ ಬಗ್ಗಿ ವಾಂತಿ ಮಾಡುತ್ತ, ವಾಂತಿಯ ಹಿಂದೆಯೇ ತಾನೂ ಹೋದ.

ದಬಕ್ಕನೆ ಸದ್ದಾಗಿ ವಿಶ್ವರಾಧ್ಯ ಕಣ್ಣು ಬಿಟ್ಟ. ಹರಗೋಲಿನಲ್ಲಿ ಮಲ್ಲಣ್ಣ ಇರಲಿಲ್ಲ. ನೀರಿನ ಮೇಲೆ ಒಂದು ಕೈ ಮಾತ್ರ ಆಡುತ್ತಿತ್ತು. ಕರೆಮ್ಮ ಆ ಕೈಯನ್ನು ಹಿಡಿದು, ದೊಡ್ಡ ಮೀನು ಎಳೆದಂತೆ ಎಳೆದು, ಮೀನಿನ ಜಾಗದಲ್ಲೇ ಕೆಡವಿದಳು. ಒಂದು ಚಪ್ಪಲಿ ಕೆರೆಯ ಪಾಲಾಯಿತು. ದಂಡೆಗೆ ಬಂದ ಮೇಲೆ ಮಲ್ಲಣ್ಣ ಇನ್ನೊಮ್ಮೆ ವಾಂತಿ ಮಾಡಿದ.

“ನಾ ಹೋಗಂಗಿಲ್ಲ” ಎಂದ ವಿಶ್ವರಾಧ್ಯ. “ಹಡಗೂ ಬ್ಯಾಡ, ದ್ವೀಪನೂ ಬ್ಯಾಡ. ಸೌಭಾಗ್ಯ ಏನರ ಅನ್ಕೊಳ್ಳಲಿ.”

ಕೆಸರಿನಲ್ಲಿ ಅಂಗಾತ ಬಿದ್ದಿದ್ದ ಮಲ್ಲಣ್ಣನಿಗೆ ಅದು ಮಂಗಳಾರತಿಯ ಗಂಟೆಯಂತೆ ಕೇಳಿಸಿತು.

ಪ್ಯಾಂಟು ತೊಯ್ದು ಮೀನಿನ ವಾಸನೆ ಹೊಡೆಯುತ್ತಿತ್ತು. ಬಜಾರಿನ ಬಟ್ಟೆ ಅಂಗಡಿ ಹೊಕ್ಕ ಮಲ್ಲಣ್ಣ ಮೊದಲು ಸಾದಾ ಪೈಜಾಮ ಕೇಳಿದ. ಅಷ್ಟರಲ್ಲಿ ತೆಂಗಿನ ಮರದ ಚಿತ್ರವಿದ್ದ ಹಳದಿ ತುಂಡು ಚಡ್ಡಿ ಕಣ್ಣಿಗೆ ಬಿತ್ತು. ಹೆಂಗೂ ಬೇಕಾಗುವುದೇ ಅಲ್ಲವೇ! ಹಾಕಿಕೊಂಡೇ ಹೊರಗೆ ಬಂದ. ಮೇಲೆ ಒಂದು ಕಪ್ಪು ಕನ್ನಡಕವನ್ನೂ ಏರಿಸಿದ. ಬರಿಗಾಲಲ್ಲಿ ಮೇನ್ ರೋಡ್ ಮೇಲೆ ಬರುತ್ತಿದ್ದ ಅವನನ್ನು ನೋಡಿ ಖಾಜಾಹುಸೇನನ ಕೈಯಿಂದ ಭಜಿ ಎತ್ತುವ ಜಾಲರಿ ಜಾರಿತು.

“ಅರೆ, ಹಡಗಕ್ಕ ಹೋಗವ್ರು ಅವರು, ಚಡ್ಡಿ ಹಾಕ್ಕೊಂಡವ್ರು ನೀವು! ಏನಿದು ಮಲ್ಲಣ್ಣ ಭಾಯ್?”

“ವಿಶ್ವರಾಧ್ಯಣ್ಣ ಒಲ್ಲೆ ಅಂದಾನ. ಇನ್ನ ಯಾರು ಹೋಗ್ತಾರ ನೀನ ತಿಳ್ಕೊ” ಎಂದು ಮಲ್ಲಣ್ಣ ಕನ್ನಡಕವನ್ನು ಹಣೆಗೆ ಏರಿಸಿದ. ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದು ಮುತ್ತಿದರು. ಒಬ್ಬನು ಶಂಖ ತರಲು ಹೇಳಿದ, ಇನ್ನೊಬ್ಬನು ಮುತ್ತು. ಮಲ್ಲಣ್ಣ ಯಾರಿಗೂ ಇಲ್ಲವೆನ್ನಲಿಲ್ಲ. ಬೆಳಗಿನಿಂದ ಉರಿದ ಹೊಟ್ಟೆ ಈಗ ತಣ್ಣಗಾಗಿತ್ತು, ಖಾಲಿಯೂ ಆಗಿತ್ತು.

ಮನೆಗೆ ಬಂದರೆ ಬಾಗಿಲಿಗೆ ಚಿಲಕ. ಚಂದಮ್ಮ ಇರಲಿಲ್ಲ. ಚಿಲಕ ತೆಗೆದು ಒಳಗೆ ಹೋಗಿ, ಹಗ್ಗದ ಮಂಚದ ಮೇಲೆ ಕಾಲು ಚಾಚಿ, ಅಲೆಗಳ ಮೇಲಿದ್ದಂತೆ ತುಸು ತೂಗಾಡುತ್ತ ಕಾದ. ಹೊತ್ತು ಇಳಿಯುವಾಗ ಹೊರಗೆ ಮೋಟಾರ್‌ಸೈಕಲ್ ನಿಂತ ಸದ್ದು. ನಸೀರುದ್ದೀನ ಪೇಢೆಯ ಡಬ್ಬಿ ಹಿಡಿದು ಒಳಗೆ ಬಂದ. ಹಿಂದೆ ವಿಶ್ವರಾಧ್ಯ, ಅವನ ಹಿಂದೆ ಕೈ ಕೈ ಹಿಡಿದುಕೊಂಡು ಸೌಭಾಗ್ಯ ಮತ್ತು ಚಂದಮ್ಮ.

“ಮುಬಾರಕ್ ಮಲ್ಲಣ್ಣೋರೆ!” ನಸೀರುದ್ದೀನ ಇಡೀ ಪೇಢೆಯನ್ನು ಅವನ ಬಾಯಿಗೆ ತುರುಕಿದ. “ನಿಮ್ಮಂಥ ಮನಸ್ಸು ಎಷ್ಟ ಗಂಡಸರಿಗೆ ಇರ್ತದ್ರಿ? ಹೇಣ್ತಿ ಹಡಗಿನ್ಯಾಗ ಆರಾಮ ಇರಲಿ, ನಾ ದುಕಾನ ನೋಡ್ಕೋತ ಇರ್ತೀನಿ ಅನ್ನೂದು, ಸಣ್ಣ ಮಾತಲ್ಲ!”

ಮಲ್ಲಣ್ಣ ಹೆಂಡತಿಯ ಮುಖ ನೋಡಿದ.

“ಹೆಸರ ಕಳಿಸಿ ಆತ್ರಿ” ಎಂದಳು ಚಂದಮ್ಮ. ಬೆಳಿಗ್ಗೆ ಇಲ್ಲದ ಹೊಳಪು ಆಕೆಯ ಮುಖದ ಮೇಲಿತ್ತು. “ನಾನೂ ಸೌಭಾಗ್ಯಕ್ಕನೂ.”

“ಮತ್ತ... ಮತ್ತ ನಾನು? ಎರಡನೇ ನಂಬರಿನಾಗ ಇದ್ದಾಂವ ನಾನಲ್ಲ?”

“ಹೌದ್ರಿ” ಎಂದ ನಸೀರುದ್ದೀನ. “ವಿಶ್ವರಾಧ್ಯೋರು ಒಲ್ಲೆ ಅಂದ ಕೂಡಲೆ ಜೋಡಿ ಟಿಕೆಟ್ ನಿಮ್ಮ ಮನಿಗೇ ಬರೂದಿತ್ತು. ನಿಮ್ಮ ಹೆಸರ ಅರ್ಧ ಟೈಪ್ ಮಾಡಿದ್ದೆ. ಇವರ ನನ್ನ ಕೈ ಹಿಡದ್ರು.”

“ಹಿಡೀದ ಇರ್ತೀನೇನು?” ವಿಶ್ವರಾಧ್ಯ ಮಂಚದ ತುದಿಗೆ ಕೂತು ಮಲ್ಲಣ್ಣನ ಬೆನ್ನು ಸವರಿದ. “ನನ್ನ ಕಣ್ಣಾರೆ ನೋಡೀನಲ್ಲ! ಊರ ಕೆರ್ಯಾಗ ಒಂದ ಸುತ್ತಿಗೆ ಹೆಣದಂಗ ಆಗಿದ್ದಿ. ಸಮುದ್ರಕ್ಕ ಹೋದ್ರ ನೀ ಉಳೀತಿದ್ದೇನು? ನನ್ನ ಸಲುವಾಗಿ ಜೀವಾನ ಒತ್ತೆ ಇಟ್ಟಾಂವ ನೀನು. ನಿನ್ನನ್ನ ಹೆಂಗ ಕಳಿಸಲಿ?”

“ಕರೆಮ್ಮನೂ ಬಂದು ಓಣಿಗೆಲ್ಲಾ ಹೇಳಿ ಹೋದ್ಳು” ಎಂದಳು ಚಂದಮ್ಮ. “ನಮ್ಮವರಿಗೆ ನೀರು ಒಗ್ಗಂಗಿಲ್ಲ ಅಂತ ನಾನೂ ಸಾಕ್ಷಿ ಹೇಳಿದೆ.”

“ಬಂದ ಹಡಗು ಯಾರ್ಯಾರಿಗೋ ಹೋಗೂದು ಯಾಕಂತೀನಿ” ಸೌಭಾಗ್ಯ ಸಮಾಧಾನದಿಂದ ಹೇಳಿದಳು. “ಒಂದ ಸೀಟು ನಮ್ಮ ಮನಿದು, ಒಂದ ಸೀಟು ನಿಮ್ಮ ಮನಿದು. ಸರಿ ಆತಲ್ರೀ? ನಡಿ ಚಂದಮ್ಮ, ಬಜಾರ ಮುಚ್ಚೂದರಾಗ ಸೂಟ್‌ಕೇಸ್ ನೋಡೋಣು.”

ಹೆಂಗಸರು ಹೋದರು. ಖಾಜಾಹುಸೇನನ ಅಂಗಡಿಯಲ್ಲಿ ಏನು ಹೇಳಬೇಕೆಂದು ಯೋಚಿಸುತ್ತ ಮಲ್ಲಣ್ಣ ಚಡ್ಡಿಯ ಮೇಲಿನ ತೆಂಗಿನ ಮರಗಳನ್ನು ನೋಡುತ್ತ ಕೂತ. ಇಷ್ಟು ದಿನ ಮಗ್ಗುಲಂಗಡಿಯವನ ಮೇಲಿದ್ದ ಹೊಟ್ಟೆಕಿಚ್ಚು ಈಗ ತನ್ನ ಮನೆಯೊಳಗೇ ಬಂದು ಚಾಪೆ ಹಾಸಿತ್ತು. ಹೆಂಡತಿ ಬಾಗಿಲಾಚೆ ನಗುವುದು ಕೇಳಿದೊಡನೆ ಅದು ಭಗ್ಗೆಂದಿತು.

ನಸೀರುದ್ದೀನನೂ ಹೊರಟ. ವಿಶ್ವರಾಧ್ಯ ಮಾತ್ರ ಏಳಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಗೋಡೆಗೆ ಆರಾಮಾಗಿ ಒರಗಿದ.

“ಮಲ್ಲಣ್ಣ, ಅವರು ತಿರುಗಿ ಬರೂತನಕ ನನ್ನ ಊಟ ಇಲ್ಲೇ ಅಂತ ನಿಮ್ಮ ಮನ್ಯಾಕಿ ಹೇಳ್ಯಾಳ. ನನಗ ಒಲಿ ಹಚ್ಚಾಕೂ ಬರಂಗಿಲ್ಲ. ನಿನಗ ರೊಟ್ಟಿ ಬಡಿಯಾಕ ಬರ್ತದೇನು?”

“ಬರಂಗಿಲ್ರಿ.”

“ಅಡ್ಡಿಲ್ಲ, ಕಲಿ” ಎಂದ ವಿಶ್ವರಾಧ್ಯ ಉದಾರವಾಗಿ. “ಆದ್ರ ನನಗ ಜರಾ ತೆಳ್ಳಗ ಬೇಕು ನೋಡು.”