ಮೆಟ್ಟಿಲ ಮೇಲೆ ಕೂತವನು

ಬಾಡಿಗೆಗೆ ಮನೆ ಕೇಳಿ ಹೋದ ಹನ್ನೊಂದು ಕಡೆ ಸುಳ್ಳು ಹೇಳಿ ಸಿಕ್ಕಿಬಿದ್ದ ಮುತ್ತುರಾಜ್ ಹನ್ನೆರಡನೆಯದರಲ್ಲಿ ನಿಜ ಹೇಳಿಬಿಟ್ಟ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಮರಳೂರಿನ ಆ ಮನೆಯೊಡತಿ ಸುಬ್ಬಲಕ್ಷ್ಮಮ್ಮ ಯಾವೂರು, ಯಾವ ಜನ, ಮಾಂಸ ತಿಂತೀರಾ ಎಂದೆಲ್ಲ ಕೇಳಿ ಮುಗಿಸಿದ್ದರು.

"ಕುಣಿಗಲ್ ಕಡೆಯೋನಮ್ಮ. ಬದುವಿನ ಜಗಳದಲ್ಲಿ ಗುದ್ದಲಿ ಕಾವಲ್ಲಿ ಒಬ್ಬನಿಗೆ ಹೊಡೆದೆ. ಸತ್ತೋದ. ಏಳು ವರ್ಷ ಜೈಲಲ್ಲಿದ್ದು ಬಂದಿದೀನಿ," ಎಂದವನೇ ಚಪ್ಪಲಿ ಮೆಟ್ಟಿಕೊಳ್ಳಲು ತಿರುಗಿದ.

"ಎಲ್ಲಿಗಪ್ಪ ಹೊರಟೆ? ಕೂತ್ಕೊ, ಕಾಫಿ ಕುಡಿ."

ಅಂಥ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ಕೀಲಿ ಕೈಗೆ ಬಂದೊಡನೆ ಗುಬ್ಬಿಯಲ್ಲಿದ್ದ ತಂಗಿ ಶಿಲ್ಪಾಳಿಗೆ ಫೋನ್ ಮಾಡಿದ. ಮನೆ ಅಂತ ಒಂದಾದರೆ ಅವಳ ಹತ್ತಿರ ಬೆಳೆಯುತ್ತಿದ್ದ ಅವನ ಮಗಳನ್ನು ಕಳಿಸುವುದೆಂದು ಮಾತಾಗಿತ್ತು. ಹತ್ತು ವರ್ಷದ ಇಂಪನಾಳನ್ನು ಸಂಜೆ ಐದಕ್ಕೆ ತಾನೇ ಕರೆತರುವುದಾಗಿ ಶಿಲ್ಪಾ ಹೇಳಿದಳು.

ಖಾಲಿ ಅಡುಗೆಮನೆಯಲ್ಲಿ ಹಾಲುಕ್ಕಿಸಿದ್ದಾಯಿತು. ಸುಬ್ಬಲಕ್ಷ್ಮಮ್ಮ ಮಹಡಿಯತ್ತ ಕಣ್ಣು ಮಾಡಿದರು.

"ಮೇಲ್ಗಡೆ ಪರಮಶಿವಯ್ಯ ಅಂತ ಒಬ್ಬ ಟೈಲರ್ ಅವ್ನೆ. ಖಾಲಿ ಮಾಡು ಅಂತ ಎರಡು ವರ್ಷದಿಂದ ಬಡ್ಕೊತಿದೀನಿ. ನೀನೇನೂ ಮಾಡ್ಬೇಡಪ್ಪ. ಮೆಟ್ಟಿಲ ಮೇಲೆ ಸುಮ್ನೆ ಕೂತಿರು. ಮಿಕ್ಕಿದ್ದು ನಾನು ಹೇಳ್ಕೋತೀನಿ."

ಮನಸ್ಸು ಒಪ್ಪಲಿಲ್ಲ. ಆದರೆ ಐದು ಗಂಟೆಗೆ ಮಗಳು ಬರುವವಳು. ಕೂತ.

ಜೈಲಿನ ಬೇಕರಿಯಲ್ಲಿ ಬನ್ನು ಬೇಯಿಸಿ ಬೇಯಿಸಿ ಅವನೂ ಬನ್ನಿನಂತೆಯೇ ಗುಂಡಗೆ, ಮೆತ್ತಗೆ ಆಗಿದ್ದ. ಸುಬ್ಬಲಕ್ಷ್ಮಮ್ಮನ ಮಾತು ಕೇಳಿದ್ದ ಬೀದಿಗೆ ಅದು ಕಾಣಲಿಲ್ಲ. ಎದುರುಮನೆಯ ನಾಗೇಶ್ ಬಂದು, ತನ್ನ ಗೇಟಿಗೆ ಅಡ್ಡ ಕಾರು ನಿಲ್ಲಿಸುವವನನ್ನು ಒಂದು ಸಲ ನೋಡಿದರೆ ಸಾಕು, ಮುಟ್ಟುವುದೇನೂ ಬೇಡ ಎಂದು ಕೇಳಿಕೊಂಡ. ಪಕ್ಕದ ಅರುಣಾ ಒಂದು ತಟ್ಟೆ ಚಿತ್ರಾನ್ನದ ಜೊತೆಗೆ ಗಂಡ ಓಬಳಯ್ಯನನ್ನೂ ಕರೆತಂದು ಮುಂದೆ ನಿಲ್ಲಿಸಿದಳು. ಇಸ್ಪೀಟಿನ ಚಟವಂತೆ. ಮುತ್ತುರಾಜ್‌ಗೆ ಅನ್ನ ನೆತ್ತಿಗೇರಿ ಕಣ್ಣು ಕೆಂಪಾದವು. ಓಬಳಯ್ಯ ಅಲ್ಲೇ ಆಣೆ ಮಾಡಿ ಇಸ್ಪೀಟು ಬಿಟ್ಟ. ನಿನ್ನೆ ಇದೇ ಬೀದಿಯಲ್ಲಿ ಮೂರು ಮನೆಯವರು ಅವನ ಮುಖದ ಮೇಲೆ ಬಾಗಿಲು ಹಾಕಿದ್ದರು. ಕೊಲೆಗಾರ ಕಾವಲಿಗೆ ಆಗುತ್ತಾನೆ, ಬಾಡಿಗೆಗೆ ಆಗುವುದಿಲ್ಲ.

ಮೂರು ಗಂಟೆಗೆ ಪರಮಶಿವಯ್ಯ ಹೊಲಿಗೆ ಮೆಷಿನ್ನು ಅವುಚಿಕೊಂಡು ಇಳಿದು ಬಂದರು. ದಾರಿ ಬಿಡಲೆಂದು ಮುತ್ತುರಾಜ್ ಎದ್ದು ನಿಂತ. ಮುದುಕರು ಮೆಷಿನ್ನು ಕೆಳಗಿಟ್ಟು ಕೈ ಮುಗಿದರು.

"ಹೊರಟ್ವಿ ಸಾರ್. ನಮ್ಮನೆಯೋರಿಗೆ ಬಿಪಿ. ಏನೂ ಮಾಡ್ಬೇಡಿ."

ಹೋಗಬೇಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆಡಿದರೆ ಮನೆ ಹೋಗುತ್ತಿತ್ತು. ನುಂಗಿಕೊಂಡು, ಮೆಷಿನ್ನನ್ನು ತಾನೇ ಹೊತ್ತು ಲಗೇಜ್ ಆಟೊಗೆ ಹಾಕಿದ.

"ಎಲ್ಲಿಗೆ ಹೋಗ್ತೀರಿ?" ಎಂದು ಕೇಳಿದ. ಮನಸ್ಸು ಕರಗಿ ಕೇಳಿದ್ದು.

"ಅಡ್ರೆಸ್ ಮಾತ್ರ ಕೇಳ್ಬೇಡಿ ಸಾರ್," ಎಂದ ಮುದುಕರ ಕಣ್ಣಲ್ಲಿ ನೀರಾಡಿತು.

ಅವನು ಕೊಂದವನ ಹೆಂಡತಿ ಕೋರ್ಟಿನಲ್ಲಿ ಅವನನ್ನು ನೋಡಿದ್ದು ಹೀಗೆಯೇ.

ನಾಲ್ಕೂವರೆಗೆ ಸುಬ್ಬಲಕ್ಷ್ಮಮ್ಮ ಹೊಸ ಸೀರೆಯಲ್ಲಿ ಬಂದರು. ಸದಾಶಿವನಗರದ ಬ್ಯಾಂಕಿನವರೊಬ್ಬರು ಮಹಡಿ ಮನೆ ಒಪ್ಪಿದ್ದರಂತೆ.

"ಕೆಳಗಡೆ ಯಾರಿದಾರೆ ಅಂತ ಕೇಳಿದ್ರಪ್ಪ. ಹೆಣ್ಮಕ್ಕಳಿರೋ ಸಂಸಾರ. ನಿಂಗೇ ಗೊತ್ತಲ್ಲ, ಜನ ಹೆಂಗೆ ಅಂತ. ಬೇಜಾರು ಮಾಡ್ಕೋಬೇಡ, ಕೀಲಿ ಕೊಟ್ಬುಡು."

"ನಂಗೂ ಹೆಣ್ಮಗಳವ್ಳೆ ಕಣಮ್ಮ. ಈಗ ಬತ್ತವ್ಳೆ."

"ಹಂಗಾದ್ರೆ ನಿಂಗೇ ಅರ್ಥ ಆಗ್ಬೇಕು," ಅಂದರು ಆಕೆ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಆಟೊ ನಿಂತಿತು. ಶಿಲ್ಪಾ ಮನೆ ವಿಚಾರಿಸುತ್ತಿದ್ದಳು. ಅರುಣಾ ತುಂಬು ಉತ್ಸಾಹದಿಂದ ಕೈ ತೋರಿಸುತ್ತಿದ್ದಳು.

"ಕೊಲೆ ಮಾಡಿದ್ರಲ್ಲ, ಆ ಅಣ್ಣ ತಾನೇ? ಅದೇ ಮನೆ. ಹೆದರ್ಕೋಬೇಡ ಪುಟ್ಟಿ, ನಮ್ಮೋರ್ನ ಏನೂ ಮಾಡಲ್ಲ."

ಮುತ್ತುರಾಜ್ ಮೆಟ್ಟಿಲಿಳಿದು ಆಟೊ ಕಡೆ ಓಡಿದ. ಇಂಪನಾ ಒಂದು ಹೆಜ್ಜೆ ಹಿಂದೆ ಸರಿದು ಅತ್ತೆಯ ಸೆರಗು ಹಿಡಿದುಕೊಂಡಳು.