ಮೇಲಿನ ಮನೆ ಬಾಡಿಗೆಗಿದೆ

ಸಿಕಂದರಾಬಾದಿನ ಹಂಪಯ್ಯನವರು ಮೇಲಿನ ಮನೆಯನ್ನು ಬಾಡಿಗೆಗೆ ಕೊಡಲು ಬರೆದ ಜಾಹೀರಾತು ಬೆಳಿಗ್ಗೆ ಒಂಬತ್ತಕ್ಕೇ ವಾಪಸು ಬಂತು. 'ಒಂಟಿ ಗಂಡಸರು, ಮಾಂಸ ತಿನ್ನುವವರು, ಕನ್ನಡ ಬಾರದವರು ಬೇಡ' ಎಂದು ಬರೆದಿದ್ದರು. ಆನ್‌ಲೈನ್ ಜಾಹೀರಾತಿನ ಕಂಪನಿಯ ಹುಡುಗಿ ಪೂರ್ವಿ ಫೋನ್ ಮಾಡಿದಳು.

"ಸರ್, ಇಂಥವರು ಬೇಡ ಅಂತ ಹಾಕೋ ಹಾಗಿಲ್ಲ. ಮನೆ ಬಗ್ಗೆ ಬರೀರಿ, ಜನರ ಬಗ್ಗೆ ಬೇಡ."

ಪಕ್ಕದ ಮನೆಯ ಯಶವಂತ ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡ. "ಅದಕ್ಕ್ಯಾಕ ಚಿಂತಿ? ಮನಿ ಬಗ್ಗೆನೇ ಬರಿಯೋಣ ತಗೋರಿ."

ಇಬ್ಬರೂ ಸೇರಿ ಬರೆದರು: 'ಈ ಅಡುಗೆಮನೆಗೆ ಮೀನಿನ ವಾಸನೆ ಆಗಿಬರುವುದಿಲ್ಲ. ಮೆಟ್ಟಿಲುಗಳು ಮದುವೆಯಾಗದ ಗಂಡಸರ ಭಾರ ತಡೆಯುವುದಿಲ್ಲ. ಬಾಗಿಲಿಗೆ ಕನ್ನಡ ಮಾತ್ರ ತಿಳಿಯುತ್ತದೆ.'

ಪೂರ್ವಿ ಮತ್ತೆ ಫೋನ್ ಮಾಡಿದಳು. "ಸರ್, ಮದುವೆ ಆದ್ರೆ ಗಂಡಸರ ಭಾರ ಕಡಿಮೆ ಆಗುತ್ತಾ?"

ಕೊನೆಗೆ ಉಳಿದದ್ದು ಇಷ್ಟೇ: 'ಎರಡು ಕೋಣೆ, ಒಳ್ಳೆಯ ಗಾಳಿ, ಎಲ್ಲರಿಗೂ ಸ್ವಾಗತ.' ಆ ಕಡೆಯ ಎರಡು ಪದ ಬರೆಯುವಾಗ ಹಂಪಯ್ಯನವರ ಮುಖ ಬೇವಿನ ಕಷಾಯ ಕುಡಿದಂತಿತ್ತು.

ಜಾಹೀರಾತಿನ ಬಾಯಿ ಕಟ್ಟಿದರೇನು, ಅವರ ಬಾಯಿ ಮೂವತ್ತೈದು ವರ್ಷ ರೈಲಿನಲ್ಲಿ ಟಿಕೆಟ್ ಕೇಳಿದ ಬಾಯಿ. ಬಂದವರನ್ನೆಲ್ಲ ಗೇಟಿನಲ್ಲೇ ತಡೆದು, "ಮೊಟ್ಟಿ ತಿಂತೀರೇನು? ಮದುವಿ ಆಗೇತೇನು?" ಎಂದು ಜಾಲಾಡಿದರು. ಮಧ್ಯಾಹ್ನದೊಳಗೆ ಏಳು ಮಂದಿ ಒಳಗೆ ಕಾಲಿಡದೆ ಹೋದರು. ಯಶವಂತ ಆ ಸುದ್ದಿಯನ್ನು ಓಣಿಯ ಚಹಾದಂಗಡಿಯಲ್ಲಿ ಬಿಸಿಬಿಸಿಯಾಗಿ ಹಂಚಿದ.

ಹೆಂಡತಿ ಗದಿಗೆಮ್ಮನವರ ತಾಳ್ಮೆ ಮುಗಿಯಿತು. "ಎಂಟು ತಿಂಗಳಾತು, ಮನಿ ಖಾಲಿ ಬಿದ್ದೈತಿ. ಇನ್ನ ಬಂದೋರ ಜೋಡಿ ನಾ ಮಾತಾಡ್ತೀನಿ. ನೀವು ಬಾಯಿ ಮುಚ್ಚಿಕೊಂಡು ಮೆಟ್ಟಲ ಗುಡಸ್ರಿ!"

ಸಂಜೆ ಕಲಬುರಗಿಯ ಶೈಲಾ ತನ್ನ ಗಂಡನೊಡನೆ ಬಂದಳು. ಅವಳು ಟೀಚರ್, ಅವನು ಬ್ಯಾಂಕಿನವನು. ಗದಿಗೆಮ್ಮನವರು ಕೊಟ್ಟ ಚುರುಮುರಿಯನ್ನೂ ಈರುಳ್ಳಿ ಆರಿಸಿಟ್ಟು ತಿಂದರು. ಬನಿಯನ್-ಲುಂಗಿಯಲ್ಲಿ ಪೊರಕೆ ಹಿಡಿದು ಮೆಟ್ಟಿಲು ಗುಡಿಸುತ್ತಿದ್ದ ಹಂಪಯ್ಯನವರಿಗೆ ಕುಣಿಯಬೇಕೆನಿಸಿತು.

ಮನೆ ನೋಡಿ ಇಳಿದು ಬಂದ ಶೈಲಾ ದನಿ ತಗ್ಗಿಸಿದಳು. "ಮನಿ ಭಾಳ ಚಲೋ ಐತ್ರಿ ಅಕ್ಕಾರ. ಆದ್ರ ಕೆಳಗ ನಿಮ್ಮ ಜೋಡಿ ಯಾವನೋ ಮುದುಕ ಅದಾನಂತ, ಬಂದವರ ತಲಿ ತಿಂತಾನಂತ. ಓಣಿ ತುಂಬ ಅದೇ ಮಾತು. ಅವ ಇರಲಿಲ್ಲಂದ್ರ ನಾಳೆನೇ ಬರ್ತೀವಿ."

ಪೊರಕೆ ನಿಂತಿತು. ಹಂಪಯ್ಯನವರು ಹೆಂಡತಿಯ ಮುಖ ನೋಡಿದರು.

"ಅಷ್ಟೇ ಏನ್ರಿ?" ಎಂದರು ಗದಿಗೆಮ್ಮ. "ಸಾಮಾನು ತಗೊಂಡು ಬರ್ರಿ. ಅವರನ್ನ ಇವತ್ತೇ ಕೋಠಿಗೆ, ಅವರ ತಮ್ಮನ ಮನಿಗೆ ಕಳಸ್ತೀನಿ."

ಶೈಲಾಳಿಗೆ ಸಮಾಧಾನವಾಯಿತು. ಹೊರಡುತ್ತಾ ಹಂಪಯ್ಯನವರತ್ತ ತಿರುಗಿ ಅಕ್ಕರೆಯಿಂದ ಕೇಳಿದಳು:

"ಅಜ್ಜಾರ, ನಾಳೆ ಸಾಮಾನು ಇಳಸಾಕ ನೀವಾದ್ರೂ ಇರ್ತೀರಲ್ಲ?"