ಪತ್ರ ಒಡೆಯುವವರೆಗೆ ಸೀರೆ ಇಲ್ಲ

ಧಾರಾವಾಹಿಯ ಸೆಟ್ಟಿನಲ್ಲಿ ಬಟ್ಟೆ ಹೊಲಿಯುವವನಿಗೆ ದಿನಕ್ಕೊಂದು ಫಜೀತಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಅಂದು ರಜೆ ಎಂದು ತಿಳಿಯಬೇಕು. ನಾನು ಹಿಂದೆಂದೂ ಏನನ್ನೂ ಬರೆದವನಲ್ಲ. ಅದಕ್ಕೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಬೇಸರಿಸಬಾರದು.

ಕಾತ್ರಜದಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಈಗ ಎರಡು ವರ್ಷದಿಂದ ಊರಿನ ಇನ್ನೊಂದು ತುದಿಯ ಭೋಸರಿಯಲ್ಲಿ ಒಂದು ಮರಾಠಿ ಧಾರಾವಾಹಿಗೂ ಹೊಲಿಯುತ್ತೇನೆ. ಟೀವಿಯಲ್ಲಿ ಕಾಣುವುದು ದೊಡ್ಡ ವಾಡೆ. ನಿಜವಾಗಿ ಅದು ಮುಚ್ಚಿಹೋದ ಕಾರ್ಖಾನೆಯ ತಗಡಿನ ಶೆಡ್ಡು. ಕಥೆ ನಡೆಯುವುದು ಎಂಬತ್ತರ ದಶಕದಲ್ಲಿ. ಅಂದರೆ ನಾನು ಕತ್ತರಿ ಹಿಡಿಯಲು ಕಲಿತ ಕಾಲದ ಬಟ್ಟೆಗಳು: ಬಲೂನಿನಂತೆ ಉಬ್ಬಿದ ತೋಳು, ಗಿಳಿಯ ಕೊಕ್ಕಿನಂಥ ಕಾಲರು, ಭುಜ ಎತ್ತರಿಸಿದ ಕೋಟು.

ಮನೆಯ ಅತ್ತೆಯ ಪಾತ್ರಕ್ಕೆ ಒಂದು ಹಳೆಯ ಇಳಕಲ್ ಸೀರೆ ಬೇಕೆಂದರು. ಹೊಸದು ಬೇಡ, ಹೊಳೆಯುತ್ತದೆ ಎಂದರು. ನಾನು ದೊಡ್ಡಸ್ತಿಕೆಗೆ, "ನಮ್ಮ ಮನ್ಯಾಗ ಅದ" ಎಂದುಬಿಟ್ಟೆ. ಇದ್ದದ್ದು ನನ್ನ ಹೆಂಡತಿಯ ಮದುವೆಯ ಸೀರೆ. ಗಿಣಿ ಹಸಿರು ಮೈ, ಕೆಂಪು ರೇಷ್ಮೆ ಸೆರಗು. ಆಕೆ ಟ್ರಂಕಿನಿಂದ ತೆಗೆದು ಕೊಟ್ಟಳು, ಒಂದು ಷರತ್ತಿನ ಮೇಲೆ. "ತಂಗಿ ಮಗಳ ಮದವಿಗೆ ನಾ ಇದನ್ನ ಉಡಾಕಿ. ಅಷ್ಟ್ರಾಗ ಸೀರಿ ಬರಲಿಲ್ಲಂದ್ರ ನೀವೂ ಬರಬ್ಯಾಡ್ರಿ." ಮದುವೆಗೆ ಇನ್ನೂ ಒಂದು ತಿಂಗಳಿತ್ತು.

ಬೆನ್ನು ತೋರದ ಮಗಳು

ನಮ್ಮಲ್ಲಿ ಬಟ್ಟೆಗಿಂತ ನಟಿಯರು ಜಾಸ್ತಿ. ಒಂದೇ ಮ್ಯಾಕ್ಸಿ ದಪ್ಪಗಿನವರಿಗೂ ತೆಳ್ಳಗಿನವರಿಗೂ ಆಗಬೇಕು. ಹಾಗಾಗಿ ದೊಡ್ಡ ಅಳತೆಗೆ ಹೊಲಿದು, ತೆಳ್ಳಗಿನವರು ತೊಟ್ಟಾಗ ಬೆನ್ನ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತೇನೆ. ಕ್ಯಾಮೆರಾಕ್ಕೆ ಮುಂಭಾಗವಷ್ಟೇ ಕಾಣುವುದರಿಂದ ಇದು ನಡೆಯುತ್ತದೆ.

ಒಂದು ದಿನ ಮಗಳ ಪಾತ್ರದವಳು ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟು ಹೋಗಬೇಕಿತ್ತು. ಅವಳ ಬೆನ್ನಿನ ಮೇಲೆ ಒಂಬತ್ತು ಕ್ಲಿಪ್ಪು. ತಿರುಗುವ ಹಾಗಿಲ್ಲ. ಪಾಪ, ಹುಡುಗಿ ಕೆಂಡದಂಥ ಸಿಟ್ಟಿನಲ್ಲಿ ಮಾತು ಮುಗಿಸಿ, ಹಿಂದಹಿಂದಕ್ಕೇ ನಡೆದು ಹೊಸ್ತಿಲು ದಾಟಿದಳು. ನಿರ್ದೇಶಕರಿಗೆ ಎರಡನೇ ಸಲ ತೆಗೆಯಲು ಹೊತ್ತಿರಲಿಲ್ಲ. ಅದೇ ಟೀವಿಯಲ್ಲಿ ಬಂತು.

ಇನ್ನು ನನ್ನ ಕೆಲಸ ಹೋಯಿತು ಎಂದುಕೊಂಡೆ. ಮರುದಿನ ಪಕ್ಕದ ಮನೆಯ ಅಜ್ಜಿ ಕರೆದು ಹೇಳಿದರು: "ಅಷ್ಟ ಸಿಟ್ಟು ಬಂದ್ರೂ ತಂದಿಗೆ ಬೆನ್ನ ತೋರಸಲಿಲ್ಲ ನೋಡಪ್ಪಾ. ಆಗಿನ ಕಾಲದ ಸಂಸ್ಕಾರ ಅಂದ್ರ ಅದು!"

ಭುಜದ ಕಣ್ಣೀರು

ಖಳನಾಯಕನ ಕೋಟಿಗೆ ಭುಜದೊಳಗೆ ಇಡುವ ಮೆತ್ತೆ ಬೇಕಾಗಿತ್ತು. ಪೇಟೆಗೆ ಹೋಗಿ ತರಲು ಪುರಸೊತ್ತಿಲ್ಲ. ಊಟದ ಮನೆಯಲ್ಲಿ ಪಾತ್ರೆ ತಿಕ್ಕುವ ಸ್ಪಂಜುಗಳಿದ್ದವು. ಹೊಸವನ್ನೇ ತಂದೆ, ಇದನ್ನು ದಯವಿಟ್ಟು ಗಮನಿಸಿ. ಎರಡೆರಡು ಸೇರಿಸಿ ಹೊಲಿದೆ. ಭುಜ ಭರ್ಜರಿ ಕಂಡವು.

ಆದರೆ ಚಿತ್ರೀಕರಣದ ಹೊತ್ತಿನಲ್ಲಿ ಫ್ಯಾನು ಹಾಕುವ ಹಾಗಿಲ್ಲ; ಗರಗರ ಸದ್ದು ಮಾತಿನ ಜೊತೆ ಸೇರುತ್ತದೆ. ಏಪ್ರಿಲ್ ತಿಂಗಳು, ತಗಡಿನ ಮಾಡು, ದಪ್ಪ ಕೋಟು. ಖಳನಾಯಕ ಬೆಳಿಗ್ಗೆಯಿಂದ ಸುರಿಸಿದ ಬೆವರನ್ನೆಲ್ಲ ಸ್ಪಂಜು ಕುಡಿಯುತ್ತ ಕುಳಿತಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ನಾಯಕ ಬಂದು, "ನನ್ನ ಅಪ್ಪನನ್ನು ಏನು ಮಾಡಿದೆ?" ಎಂದು ಅವನ ಎರಡೂ ಭುಜಗಳನ್ನು ಹಿಡಿದು ಹಿಂಡಿದ. ಎರಡೂ ತೋಳಿನಿಂದ ನೀರು ಧೋ ಎಂದು ಸುರಿಯಿತು.

ನಿರ್ದೇಶಕರು ನನ್ನನ್ನು ಹುಡುಕುತ್ತ ಸುತ್ತ ನೋಡಿದರು. ಖಳನಾಯಕನೇ ನನ್ನನ್ನು ಉಳಿಸಿದ. "ಇರಲಿ ಬಿಡಿ ಸರ್. ಎಲ್ಲರೂ ಕಣ್ಣಿನಿಂದ ಅಳ್ತಾರೆ. ಇವತ್ತಾದರೂ ನನಗೆ ಅಳೋ ಅವಕಾಶ ಸಿಕ್ಕಿತು."

ಮೂರು ವಾರದ ಸಂಜೆ

ಈಗ ಸೀರೆಯ ವಿಷಯ. ಅತ್ತೆ ಆ ಸೀರೆ ಉಟ್ಟು ದೀಪ ಹಚ್ಚುತ್ತಾಳೆ, ಒಂದು ಪತ್ರ ಬರುತ್ತದೆ, ಒಡೆದು ಓದುತ್ತಾಳೆ. ಇಷ್ಟೇ ದೃಶ್ಯ. ಒಂದು ದಿನದ ಕೆಲಸ ಎಂದು ನಾನು ತಿಳಿದಿದ್ದೆ.

ದಿನದ ಧಾರಾವಾಹಿಯಲ್ಲಿ ಕಥೆಯ ಒಂದು ಸಂಜೆ ಎಷ್ಟು ವಾರವಾದರೂ ನಡೆಯಬಹುದು ಎಂದು ಆಗ ಗೊತ್ತಾಯಿತು. ಪತ್ರ ಬಂತು. ಸೊಸೆ ನೋಡಿದಳು. ಮಗ ನೋಡಿದ. ಒಬ್ಬೊಬ್ಬರ ಮುಖವನ್ನೂ ಮೂರು ಮೂರು ಸಲ ತೋರಿಸಿದರು. ಪತ್ರ ಮಾತ್ರ ಒಡೆಯಲಿಲ್ಲ. ಸಂಜೆ ಮುಗಿಯುವ ತನಕ ಅತ್ತೆಯ ಮೈಮೇಲೆ ಅದೇ ಸೀರೆ ಇರಬೇಕು. ಇದನ್ನು ಕಾಯಲೆಂದೇ ಮೈಸೂರಿನ ಹುಡುಗಿಯೊಬ್ಬಳಿದ್ದಾಳೆ. ಸೀರೆಯ ಒಂದೊಂದು ನಿರಿಗೆಯ ಫೋಟೋ ಅವಳ ಮೊಬೈಲಿನಲ್ಲಿದೆ.

"ಒಂದು ದಿನದ ಮಟ್ಟಿಗೆ ಬ್ಯಾರೆ ಸೀರಿ ಉಡಸೂಣೇನವಾ?" ಎಂದೆ.

"ಅಂಕಲ್, ಚಾನ್ಸೇ ಇಲ್ಲ! ಬಾಗಿಲು ತೆಗೆಯೋಕೆ ಹೋದಾಗ ಹಸಿರು, ತೆಗೆದ ಮೇಲೆ ನೀಲಿ ಅಂದ್ರೆ ಜನ ನನ್ನ ಟ್ರೋಲ್ ಮಾಡ್ತಾರೆ."

ಅವಳು ಒಂದು ಬಟ್ಟೆಯ ಚೀಟಿಯನ್ನೂ ಕೊಟ್ಟಳು. ಮರಾಠಿಯಲ್ಲಿ, "ಅತ್ತೆ. ಪತ್ರ ಬಂದ ಸಂಜೆ. ಸೆಟ್ಟಿನಿಂದ ಹೊರಗೆ ಒಯ್ಯಬಾರದು" ಎಂದು ಬರೆದಿತ್ತು. ಪಿನ್ನು ಚುಚ್ಚಿದರೆ ರೇಷ್ಮೆ ಹರಿದೀತೆಂದು ನಾನೇ ಅದನ್ನು ಸೆರಗಿನ ಒಳಮಗ್ಗುಲಿಗೆ ಸಣ್ಣ ಹೊಲಿಗೆಯಲ್ಲಿ ಹೊಲಿದೆ. ಗಟ್ಟಿಯಾಗಿ ಹೊಲಿದೆ. ಇದನ್ನು ನೆನಪಿಟ್ಟುಕೊಳ್ಳಿ, ನಾನು ಮರೆತೆ.

ಮನೆಯಲ್ಲಿ ಹೆಂಡತಿ ದಿನಾ ಏಳು ಗಂಟೆಗೆ ಟೀವಿಯ ಮುಂದೆ ಕೂತು, "ಒಡಿಯವಾ, ನಿನಗ ಕೈ ಮುಗೀತೇನಿ, ಪತ್ರ ಒಡಿ!" ಎಂದು ಕೂಗತೊಡಗಿದಳು. ಪಕ್ಕದ ಅಜ್ಜಿ ಓಡಿ ಬಂದು ನೀರು ಕುಡಿಸಿ ಸಮಾಧಾನ ಹೇಳಿದರು: "ಇಷ್ಟ ಮನಸಿಗೆ ಹಚ್ಕೋಬ್ಯಾಡ ನಮ್ಮವ್ವಾ, ಅದು ಬರೇ ಕಥಿ."

ಅತ್ತೆಗೆ ಜ್ವರ

ಮದುವೆಯ ಹಿಂದಿನ ದಿನ ಅತ್ತೆ ಕೊನೆಗೂ ಲಕೋಟೆಯ ತುದಿಗೆ ಬೆರಳಿಟ್ಟರು. ಸರಿಯಾಗಿ ಆಗಲೇ ಪಕ್ಕದ ಕಾರ್ಖಾನೆಯ ಪ್ರೆಸ್ ಮಷೀನು ಧಡ್ ಧಡ್ ಎಂದು ಶುರುವಾಯಿತು. "ಇಂಥ ಗಂಭೀರ ಪತ್ರ ಈ ಸದ್ದಿನಲ್ಲಿ ಬೇಡ, ನಾಳೆ ನೋಡೋಣ" ಎಂದರು ನಿರ್ದೇಶಕರು.

ಹಿಂತಿರುಗಿ ನೋಡಿದರೆ ಬಾಗಿಲಲ್ಲಿ ನನ್ನ ಹೆಂಡತಿ. ಕಾತ್ರಜದಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ನೇರವಾಗಿ ಹೋಗಿ ಮೇಜಿನ ಮೇಲಿದ್ದ ಲಕೋಟೆ ಎತ್ತಿಕೊಂಡಳು. "ನಿಮಗ ಆಗೂದಿಲ್ಲಂದ್ರ ನಾನ ಒಡೀತೇನ್ರಿ ಸಾಹೇಬರ" ಎಂದು ಒಡೆದೇಬಿಟ್ಟಳು. ಒಳಗಿನ ಚೀಟಿ ನೋಡಿ, ನನ್ನ ಮುಖ ನೋಡಿ, ಮಡಚಿ ಒಳಗಿಟ್ಟಳು. "ಪತ್ರ ಒಡದಾತು, ಇನ್ನ ನನ್ನ ಸೀರಿ ಕೊಡ್ರಿ" ಎಂದಳು.

ನಿರ್ದೇಶಕರು ಬೆವರಿದರು. ದಾರಿ ತೋರಿಸಿದವಳು ಮೈಸೂರಿನ ಹುಡುಗಿ: "ಸರ್, ಅತ್ತೆಗೆ ಜ್ವರ ಬರಿಸಿ. ಕುತ್ತಿಗೆ ತನಕ ಹೊದಿಸಿಬಿಟ್ಟರೆ ಸೀರೆ ಯಾರಿಗೆ ಕಾಣುತ್ತೆ?" ಮಧ್ಯಾಹ್ನ ಹಾಸಿ ಮಲಗಲೆಂದು ನಾನು ಮನೆಯಿಂದ ಒಯ್ದ ಕೌದಿಯನ್ನೇ ಹೊದಿಸುವುದೆಂದಾಯಿತು. ಹೆಂಡತಿ ಸೀರೆ ಮಡಚಿ ಚೀಲಕ್ಕೆ ಹಾಕಿಕೊಳ್ಳುವಾಗ ಹುಡುಗಿ ಮೂರು ಸಲ ಹೇಳಿದಳು, "ಆಂಟಿ, ನಾಡಿದ್ದು ವಾಪಸ್ ಬೇಕು."

ಏಪ್ರಿಲ್ ಬಿಸಿಲಿನಲ್ಲಿ ಕೌದಿ ಹೊದ್ದ ಆ ತಾಯಿಗೆ ಸಂಜೆಯ ಹೊತ್ತಿಗೆ ಜ್ವರ ನಿಜವಾಗಿಯೇ ಬಂದಿತ್ತು.

ಸೀರೆ ಯಾರದು

ಮದುವೆಯ ಮಂಟಪದಲ್ಲಿ ಹೆಂಡತಿ ಸೆರಗು ಹೊದ್ದು ಮಹಾರಾಣಿಯಂತೆ ಒಳಗೆ ಬಂದಳು. ಮೊದಲು ಎದುರಾದವರು ಆಕೆಯ ದೊಡ್ಡಮ್ಮ.

"ಅಯ್ಯ! ಇದು ಆ ಅತ್ತಿ ಸೀರಿ ಅಲ್ಲೇನ? ಗಂಡ ಶೂಟಿಂಗಿನಿಂದ ತಂದಾನೇನ?"

"ಇಲ್ಲ ದೊಡ್ಡಮ್ಮ, ಇದು ನನ್ನ ಮದವಿ ಸೀರಿ. ಅವರ ನಮ್ಮ ಕಡಿಂದ ಒಯ್ದಾರ."

"ಹೌದೌದು" ಎಂದು ದೊಡ್ಡಮ್ಮ ನಕ್ಕರು. ಸುತ್ತ ಹತ್ತು ಹೆಂಗಸರು ಸೇರಿದರು. ಒಬ್ಬಾಕೆ ಸೆರಗಿನ ನೇಯ್ಗೆ ನೋಡಲೆಂದು ತಿರುವಿದಳು. ಅಲ್ಲಿ ನನ್ನ ಗಟ್ಟಿ ಹೊಲಿಗೆಯ ಚೀಟಿ! ಆಕೆ ಎಲ್ಲರಿಗೂ ಕೇಳುವಂತೆ ಓದಿದಳು: "ಸೆಟ್ಟಿನಿಂದ ಹೊರಗೆ ಒಯ್ಯಬಾರದು."

ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಬಿಡಿಸಿ ಹೇಳಲಾರೆ. ಆದರೆ ಆಕೆ ಸೋಲುವವಳಲ್ಲ. "ಆ ಪತ್ರದಾಗ ಏನದ ಅಂತ ನಾ ಕಣ್ಣಾರೆ ನೋಡೇನಿ" ಎಂದಳು. ಹೆಂಗಸರೆಲ್ಲ ಇನ್ನಷ್ಟು ಹತ್ತಿರ ಸರಿದರು. "ಸೀರಿ ನಂದು ಅಂತ ಒಪ್ಪಿದವರಿಗೆ ಅಷ್ಟ ಹೇಳತೇನಿ."

"ನಿಂದವಾ, ನಿಂದ! ನಿನ್ನ ಮದವ್ಯಾಗ ನಾನ ನೋಡಿದ್ನಲ್ಲ!" ಎಂದರು ದೊಡ್ಡಮ್ಮ. ಎಲ್ಲರೂ ಹೌದೆಂದರು. ವರನ ಕಡೆಯವರೂ ಒಪ್ಪಿದರು. ಅಕ್ಷತೆ ಹಿಡಿದ ಭಟ್ಟರೂ ಕಿವಿಗೊಟ್ಟರು.

ಹೆಂಡತಿ ಗಂಭೀರವಾಗಿ ಹೇಳಿದಳು: "ಅದು ನಮ್ಮ ಮನಿಯವರು ಬರದ ಚೀಟಿ. ಅತ್ತಿ ಬ್ಲೌಸಿನ ಅಳತಿ."

ಇದು ನಿಜ. ಲಕೋಟೆ ಖಾಲಿ ಇದ್ದರೆ ತೆಳ್ಳಗೆ ಕಾಣುತ್ತದೆಂದು ನಾನೇ ಆ ಚೀಟಿ ಒಳಗಿಟ್ಟಿದ್ದೆ.

ದೊಡ್ಡಮ್ಮ ಸೆರಗನ್ನು ಕೈಬಿಟ್ಟರು. "ನಡೀರಿ ಎಲ್ಲಾರೂ. ಇಷ್ಟ ದೊಡ್ಡ ಸುಳ್ಳ ಹೇಳತಾಳ ಅಂದಮ್ಯಾಲ ಸೀರಿನೂ ಈಕೀದಲ್ಲ!"